ಕಣದ ಕಾಫಿಗೂ ಉತ್ತರ ಧ್ರುವದ ಬಿಸಿಗೂ ಏನು ಸಂಬಂಧ? 2021ರ ಜನವರಿಯ ಒಂದು ಪ್ರಕರಣ

2021ರ ಜನವರಿ ಮೊದಲ ವಾರ. ಸುಂಟಿಕೊಪ್ಪದ ಹತ್ತಿರ ನಮ್ಮ ಮನೆಯ ಕಣದ ತುಂಬಾ ಕಾಫಿ ಹರಡಿತ್ತು. ರೊಬಸ್ಟಾದ ಮೊದಲ ಕುಯ್ಲು, ಆರು ದಿನ ಬಿಸಿಲು ಕಂಡಿತ್ತು. ಹಣ್ಣಿನ ಕೆಂಪು ಹೋಗಿ ಕಂದು ಬಂದಿತ್ತು. ಆದರೆ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಇನ್ನೂ ಗಲಗಲ ಅನ್ನುತ್ತಿರಲಿಲ್ಲ. ಆ ಸದ್ದು ಬರುವ ತನಕ ಒಣಗಿಲ್ಲ ಅಂತಲೇ ಲೆಕ್ಕ. ಇನ್ನೊಂದು ವಾರ ಬಿಸಿಲು ಸಿಕ್ಕಿದ್ದರೆ ಸಾಕಿತ್ತು. ಸಿಕ್ಕಿದ್ದು ಮಳೆ.

ಕೊಡಗಿನವರಿಗೆ ಮಳೆ ಹೊಸದೇನಲ್ಲ. ಜುಲೈಯಲ್ಲಿ ದಿನಕ್ಕೆ ನಾಲ್ಕಿಂಚು ಬಿದ್ದರೂ ಕಂಬಳಿ ಹೊದ್ದು ಕೂತಿರುತ್ತೇವೆ. (2018ರ ಆಗಸ್ಟ್‌ನ ಮಳೆ, ಭೂಕುಸಿತ ಆದ ಮೇಲೆ ಇದನ್ನೂ ಅಷ್ಟು ಧೈರ್ಯವಾಗಿ ಹೇಳುವ ಹಾಗಿಲ್ಲ.) ಆದರೆ ಜನವರಿಯ ಮಳೆಯ ಲೆಕ್ಕವೇ ಬೇರೆ. ಅರ್ಧ ಇಂಚು ಬಿದ್ದರೂ ಊರಿಗೆ ಊರೇ ಟಾರ್ಪಾಲ್ ಹಿಡಿದು ಓಡುತ್ತದೆ. ಕಣದ ಕಾಫಿಗೆ ಬೂಸ್ಟು ಬರುತ್ತದೆ. ಗಿಡದ ಹಣ್ಣು ಉದುರುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಮೊಗ್ಗಿನದು. ಹಣ್ಣು ಇನ್ನೂ ಕೊಂಬೆಯಲ್ಲಿರುವಾಗಲೇ ಮುಂದಿನ ವರ್ಷದ ಹೂ ಬಿಚ್ಚಿಕೊಂಡರೆ, ಕುಯ್ಯುವ ಕೈಗೆ ಹೂವೂ ಉದುರುತ್ತದೆ. ಒಂದೇ ಮಳೆಗೆ ಎರಡು ವರ್ಷದ ಫಸಲು ಪೆಟ್ಟು ತಿನ್ನುತ್ತದೆ.

ಆ ವಾರ ಕೊಡಗು, ಹಾಸನ, ಚಿಕ್ಕಮಗಳೂರು, ಎಲ್ಲ ಕಡೆ ಇದೇ ಗೋಳು. ಎರಡನೇ ದಿನ ಸಂಜೆ ಪಕ್ಕದ ತೋಟದ ಅಣ್ಣ ಬಂದರು. ಕೈಯಲ್ಲಿ ಮೊಬೈಲು, ಕಾಲಲ್ಲಿ ಕೆಸರು.

"ಟೀಚರೇ, ಇದು ನೋಡಿ. ಉತ್ತರ ಧ್ರುವದಲ್ಲಿ ಐವತ್ತು ಡಿಗ್ರಿ ಬಿಸಿ ಏರಿದೆಯಂತೆ. ಗಾಳಿ ಉಲ್ಟಾ ತಿರುಗಿದೆಯಂತೆ. ಅದಕ್ಕೇ ಇಲ್ಲಿ ಮಳೆ. ಇನ್ನೂ ಆರೆಂಟು ವಾರ ಇದೇ ಕತೆಯಂತೆ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹಾಗಾಗಿ ಊರಿನ ವಾಟ್ಸಾಪ್ ಸಂದೇಶಗಳಿಗೆಲ್ಲ ನಾನೇ ಕೊನೆಯ ಕೋರ್ಟು. ಮಾಮೂಲಿಯಾಗಿ ಸುಮ್ನೆ ನಕ್ಕು ಬಿಡುತ್ತಿದ್ದೆ. ಆ ದಿನ ನಗುವ ಹಾಗಿರಲಿಲ್ಲ. ಅಣ್ಣ ಆಗಲೇ ಒಬ್ಬ ವ್ಯಾಪಾರಿಗೆ ಫೋನ್ ಮಾಡಿಯಾಗಿತ್ತು. ಎರಡು ತಿಂಗಳು ಬಿಸಿಲೇ ಇಲ್ಲ ಅಂದಮೇಲೆ ಕಣದಲ್ಲಿದ್ದ ಅರ್ಧ ಒಣಗಿದ ಕಾಫಿಯನ್ನು ಸಿಕ್ಕ ರೇಟಿಗೆ ಕೊಟ್ಟುಬಿಡುವುದು ಅಂತ ಅವರ ಲೆಕ್ಕ. ರೊಬಸ್ಟಾ ಚೆರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನಲ್ಲಿ, ತೇವ ಶೇ 11ಕ್ಕೆ ಇಳಿಯಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ವ್ಯಾಪಾರಿ ಐವತ್ತು ಕಿಲೋ ಮೂಟೆಗೆ ಎಷ್ಟು ಕಡಿಯುತ್ತಾನೆ ಅನ್ನುವುದಕ್ಕೆ ಮಿತಿಯೇ ಇಲ್ಲ.

"ಅಣ್ಣಾ, ಧ್ರುವಕ್ಕೂ ನಮ್ಮ ಮಳೆಗೂ ಏನೇನೂ ಸಂಬಂಧ ಇಲ್ಲ," ಅಂದೆ.

ಅದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದ್ದೆ. ಯಾವುದನ್ನೂ ಓದಿ ನೋಡದೆ ಹೇಳಿದ್ದೆ ಕೂಡ. ಆ ರಾತ್ರಿ ಕೂತು ಓದಿದೆ. ಆಮೇಲೂ ಬಿಡುವಾದಾಗಲೆಲ್ಲ ಓದಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಸಿ ಅಂದರೆ ಎಷ್ಟು ಬಿಸಿ?

ಮೊದಲ ವಿಷಯ, ಸಂದೇಶದಲ್ಲಿದ್ದ ಸುದ್ದಿ ಸುಳ್ಳಲ್ಲ. 2021ರ ಜನವರಿ 5ರಂದು ಉತ್ತರ ಧ್ರುವದ ಸುತ್ತ, ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಬೀಸುವ ಗಾಳಿ ನಿಜಕ್ಕೂ ದಿಕ್ಕು ಬದಲಿಸಿತು. ಚಳಿಗಾಲವಿಡೀ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುವ ಗಾಳಿ ಅದು. ಆ ದಿನ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿತು. ಅಲ್ಲಿನ ಉಷ್ಣತೆಯೂ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಜಿಗಿದಿತ್ತು. ಮಳೆಮೋಡಗಳಿರುವ ಪದರಕ್ಕೂ ಮೇಲಿನ ಆ ಗಾಳಿಪದರಕ್ಕೆ ಸ್ಟ್ರಾಟೋಸ್ಫಿಯರ್ ಅಂತ ಹೆಸರು. ವಿಜ್ಞಾನಿಗಳು ಇದನ್ನು ಸ್ಟ್ರಾಟೋಸ್ಫಿಯರಿನ ದಿಢೀರ್ ಬಿಸಿಯೇರಿಕೆ ಅನ್ನುತ್ತಾರೆ. ಉತ್ತರ ಗೋಳದಲ್ಲಿ ಹತ್ತು ವರ್ಷಕ್ಕೆ ಸರಾಸರಿ ಆರು ಸಲ ದೊಡ್ಡ ಪ್ರಮಾಣದಲ್ಲಿ ಆಗುತ್ತದೆ. ಅಂದರೆ ಅಪರೂಪವೂ ಅಲ್ಲ, ಪ್ರಳಯವೂ ಅಲ್ಲ.

ಆದರೆ "ಐವತ್ತು ಡಿಗ್ರಿ ಏರಿದೆ" ಅಂದ ಕೂಡಲೇ ನಮ್ಮ ಮನಸ್ಸು ಸೀದಾ ರಾಯಚೂರಿಗೆ ಹೋಗುತ್ತದೆ, ಅಲ್ವಾ? ಇಲ್ಲಿ ಏರಿದ್ದು ಐವತ್ತು, ಐವತ್ತಕ್ಕೆ ಏರಿದ್ದಲ್ಲ. ಚಳಿಗಾಲದಲ್ಲಿ ಆ ಎತ್ತರದ ಗಾಳಿ ಮೈನಸ್ 70, ಮೈನಸ್ 80 ಡಿಗ್ರಿಯಲ್ಲಿರುತ್ತದೆ. ಅದಕ್ಕೆ ಐವತ್ತು ಸೇರಿಸಿದರೂ ಮೈನಸ್ 20, 30. ಐಸ್‌ಕ್ರೀಮ್ ಡಬ್ಬಿ ಇಟ್ಟರೆ ಕರಗುವುದಿಲ್ಲ. ಮೇಲಾಗಿ ಅಲ್ಲಿ ಗಾಳಿ ಅನ್ನುವುದೇ ಅಷ್ಟಿಷ್ಟು. ಒತ್ತಡ 10 ಹೆಕ್ಟೊಪ್ಯಾಸ್ಕಲ್, ಅಂದರೆ ನೆಲದ ಮೇಲಿನದರ ನೂರಕ್ಕೆ ಒಂದು ಪಾಲು. ಕೆಳಗೆ ಧ್ರುವದ ಹಿಮದ ಮೇಲೆ ನಿಂತವನಿಗೆ ಆ ದಿನ ಏನೂ ಗೊತ್ತಾಗಿರುವುದಿಲ್ಲ.

ಮೇಲೆ ಅಷ್ಟು ಚಳಿ ಯಾಕೆ ಅನ್ನುವುದು ಸುಲಭ. ಸ್ಟ್ರಾಟೋಸ್ಫಿಯರನ್ನು ಬೆಚ್ಚಗಿಡುವುದು ಓಝೋನ್. ಬಿಸಿಲಿನ ಅತಿನೇರಳೆ ಕಿರಣ ಹೀರಿಕೊಂಡು ಅದು ಗಾಳಿಯನ್ನು ಕಾಯಿಸುತ್ತದೆ. ಧ್ರುವದ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಓಝೋನ್ ಇದ್ದೂ ಕೈಕಟ್ಟಿ ಕೂತ ಹಾಗೆ. ಇತ್ತ ಕಾರ್ಬನ್ ಡೈ ಆಕ್ಸೈಡ್ ಮಾತ್ರ ಇರುವ ಶಾಖವನ್ನೂ ಬಾಹ್ಯಾಕಾಶಕ್ಕೆ ಕಳಿಸುತ್ತಲೇ ಇರುತ್ತದೆ. ಬರುವುದು ನಿಂತು ಖರ್ಚು ಮಾತ್ರ ನಡೆಯುವ ಮನೆಯ ಹಾಗೆ ಅಲ್ಲಿನ ಗಾಳಿ ತಣ್ಣಗಾಗುತ್ತಲೇ ಹೋಗುತ್ತದೆ.

ಕಷ್ಟದ ಪ್ರಶ್ನೆ ಇದರ ಮುಂದಿನದು. ಸೂರ್ಯನೇ ಇಲ್ಲದ ಜಾಗದಲ್ಲಿ, ನಡುರಾತ್ರಿಯಂಥ ಕತ್ತಲಲ್ಲಿ, ವಾರದೊಳಗೆ ಐವತ್ತು ಡಿಗ್ರಿ ಬಿಸಿ ಬಂದದ್ದಾದರೂ ಎಲ್ಲಿಂದ?

1952ರ ಆರಂಭದಲ್ಲಿ ಬರ್ಲಿನ್‌ನಲ್ಲಿ ರಿಚರ್ಡ್ ಶೆರ್‌ಹಾಗ್ ಅನ್ನುವ ಹವಾಮಾನ ವಿಜ್ಞಾನಿಗೂ ಇದೇ ತಲೆಬಿಸಿ. ಅವರ ಬಲೂನುಗಳು ಸ್ಟ್ರಾಟೋಸ್ಫಿಯರಿನಲ್ಲಿ ಒಮ್ಮಿಂದೊಮ್ಮೆಲೇ ಏರಿದ ಉಷ್ಣತೆ ತೋರಿಸಿದವು. ಇಂಥದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ಮೊದಮೊದಲು ಅದಕ್ಕೆ ಬರ್ಲಿನ್ ವಿದ್ಯಮಾನ ಅಂತಲೇ ಹೆಸರಾಯಿತು. ಬಲೂನು ಅಂದರೆ ದೊಡ್ಡ ಸಾಹಸವೇನೂ ಅಲ್ಲ. ನಮ್ಮ ಮಂಗಳೂರಿನಿಂದಲೂ ಬೆಂಗಳೂರಿನಿಂದಲೂ ಹವಾಮಾನ ಇಲಾಖೆ ಇಂಥದ್ದನ್ನೇ ಬಿಡುತ್ತದೆ. ಕೆಳಗೆ ಸಣ್ಣದೊಂದು ಡಬ್ಬಿ ನೇತಾಡುತ್ತಿರುತ್ತದೆ. ಏರುತ್ತಾ ಏರುತ್ತಾ ಉಷ್ಣತೆ, ಒತ್ತಡ, ತೇವ ಎಲ್ಲವನ್ನೂ ರೇಡಿಯೋದಲ್ಲಿ ಕಳಿಸಿ ಕೊನೆಗೆ ಬಲೂನು ಒಡೆಯುತ್ತದೆ. ಕಾರಣ ಸರಿಯಾಗಿ ಬಿಡಿಸಿ ಹೇಳಲು ಮಾತ್ರ ಮತ್ತೆ ಹತ್ತೊಂಬತ್ತು ವರ್ಷ ಬೇಕಾಯಿತು. 1971ರಲ್ಲಿ ಜಪಾನಿನ ತಾರೋ ಮಾತ್ಸುನೊ ಲೆಕ್ಕ ಹಾಕಿ ತೋರಿಸಿದರು.

ಲೋಟ, ಚಮಚ, ಪಂಪು

ಅಣ್ಣನಿಗೆ ಇದನ್ನು ಹೇಳಿದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಆ ದಿನ ಅವರಿಗೆ ಕೊಟ್ಟ ಕಾಫಿಯಲ್ಲೇ ಪ್ರಯೋಗ.

ಗಾಜಿನ ಲೋಟದಲ್ಲಿ ಮುಕ್ಕಾಲು ಪಾಲು ಕಾಫಿ ಇರಲಿ. ಚಮಚ ಹಾಕಿ ಜೋರಾಗಿ ಒಂದೇ ದಿಕ್ಕಿಗೆ ತಿರುಗಿಸಿ, ಚಮಚ ತೆಗೆಯಿರಿ. ಕಾಫಿ ಸುತ್ತುತ್ತಾ ಇರುತ್ತದೆ. ನಡುವೆ ಗುಳಿ ಬಿದ್ದಿರುತ್ತದೆ, ಅಂಚಿನಲ್ಲಿ ಕಾಫಿ ಮೇಲೇರಿರುತ್ತದೆ. ಸುತ್ತುವ ವೇಗ ಇರುವಷ್ಟು ಹೊತ್ತು ಅಂಚಿನ ಕಾಫಿ ನಡುವಿಗೆ ಬರುವುದಿಲ್ಲ. ಈಗ ಅದೇ ಚಮಚವನ್ನು ಸುಮ್ನೆ ಅಡ್ಡ ಹಿಡಿಯಿರಿ. ತಿರುಗಿಸಬೇಡಿ. ಸುತ್ತು ನಿಧಾನವಾಗುತ್ತದೆ, ಅಂಚಿನ ಕಾಫಿ ನಡುವಿಗೆ ಜಾರುತ್ತದೆ, ಗುಳಿ ಮುಚ್ಚಿಹೋಗುತ್ತದೆ.

ಧ್ರುವದ ಮೇಲಿನ ಸುಳಿಯೂ ಹೀಗೇ. ಚಳಿಗಾಲದಲ್ಲಿ ಧ್ರುವದ ಗಾಳಿ ತಣ್ಣಗಾಗಿ ಅಲ್ಲಿ ಒತ್ತಡ ಕುಸಿಯುತ್ತದೆ. ಸುತ್ತಲಿನ ಗಾಳಿ ಅತ್ತ ನುಗ್ಗಲು ನೋಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ನೇರ ನುಗ್ಗಲಾಗದೆ ಗಂಟೆಗೆ ನೂರು, ಇನ್ನೂರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾ ಉಳಿಯುತ್ತದೆ. ಆ ಸುತ್ತೇ ಬೇಲಿ. ಬೇಲಿ ಗಟ್ಟಿ ಇರುವ ತನಕ ಒಳಗಿನ ಚಳಿ ಒಳಗೇ.

ಇಲ್ಲಿ ಅಡ್ಡ ಇಡುವ ಚಮಚ ಯಾವುದು? ಕೆಳಗಿನಿಂದ ಏರಿ ಬರುವ ದೊಡ್ಡ ಅಲೆಗಳು. ಹಿಮಾಲಯ, ಟಿಬೆಟ್, ಅಮೆರಿಕದ ರಾಕಿ ಬೆಟ್ಟಗಳಂಥವು ಪಶ್ಚಿಮದ ಗಾಳಿಗೆ ಅಡ್ಡ ನಿಂತಿವೆ. ಭೂಖಂಡದ ಚಳಿ, ಸಾಗರದ ಬೆಚ್ಚನೆ, ಎರಡರ ವ್ಯತ್ಯಾಸವೂ ಸೇರುತ್ತದೆ. ಗಾಳಿ ಸಾವಿರಾರು ಕಿಲೋಮೀಟರ್ ಅಗಲದ ಅಲೆಯಾಗಿ ಬಳುಕುತ್ತದೆ. ಆ ಅಲೆ ಮೇಲಕ್ಕೂ ಹಬ್ಬುತ್ತದೆ. ಎತ್ತು ಹೊಡೆಯುವ ಚಾಟಿ ನೋಡಿ. ಹಿಡಿಯ ಹತ್ತಿರ ಕೈ ಒಂಚೂರು ಕೊಡವಿದರೆ ಸಾಕು, ತೆಳ್ಳಗಿನ ತುದಿಯಲ್ಲಿ ಛಟೀರ್ ಅನ್ನುವ ಏಟು. ಮೇಲಿನ ಗಾಳಿಯೂ ಚಾಟಿಯ ತುದಿಯ ಹಾಗೆ ತೆಳುವು. ಕೆಳಗಿನ ಸಣ್ಣ ಬಳುಕು ಮೇಲೆ ಹೋಗುವಷ್ಟರಲ್ಲಿ ದೊಡ್ಡದಾಗಿ, ಕಡಲ ತೆರೆಯಂತೆ ಒಡೆದು, ಸುಳಿಯ ವೇಗ ತಗ್ಗಿಸುತ್ತದೆ. ಕೆಲವು ಸಲ ಸುಳಿ ಬುಗುರಿಯ ಹಾಗೆ ತೂರಾಡಿ ಧ್ರುವ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಕೆಲವು ಸಲ ಎರಡು ಹೋಳಾಗುತ್ತದೆ. 2009ರ ಜನವರಿ 24ರ ಸುಮಾರಿಗೆ ಆದದ್ದು ಹೋಳಾದ ಬಗೆಯದು, ಬಹಳ ಜೋರಿನದು.

ಸುಳಿ ನಿಧಾನವಾದ ಮೇಲೆ ಗಾಳಿ ಧ್ರುವದ ಕಡೆ ಜಾರುತ್ತದೆ. ಅಲ್ಲಿ ಒಟ್ಟಾದ ಗಾಳಿ ಕೆಳಕ್ಕೆ ಕುಸಿಯುತ್ತದೆ. ಕೆಳಗೆ ಒತ್ತಡ ಜಾಸ್ತಿ, ಹಾಗಾಗಿ ಅದು ಅದುಮಿಕೊಳ್ಳುತ್ತದೆ. ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದವರಿಗೆ ಪಂಪಿನ ತಳ ಕೈಗೆ ಬಿಸಿ ತಾಗಿದ್ದು ನೆನಪಿರುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಇಳಿದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಐದು ಕಿಲೋಮೀಟರ್ ಕುಸಿದರೆ ಐವತ್ತು. ಬೆಂಕಿಯೂ ಇಲ್ಲ, ಬಿಸಿಲೂ ಇಲ್ಲ. ಎಲ್ಲಿಂದಲೋ ಬಿಸಿ ಗಾಳಿ ಬಂದು ಸೇರಿದ್ದೂ ಅಲ್ಲ, ಇದ್ದ ಗಾಳಿಯೇ ಅದುಮಿಸಿಕೊಂಡು ಬೆಚ್ಚಗಾದದ್ದು.

ಇಷ್ಟು ಹೇಳುವಷ್ಟರಲ್ಲಿ ಅಣ್ಣನ ಕಾಫಿ ಆರಿಹೋಗಿತ್ತು. "ಅಲ್ಲ ಟೀಚರೇ, ಕುಸಿದದ್ದು ಅಲ್ಲಿ. ಇನ್ನೆಲ್ಲೋ ಏಳಬೇಕಲ್ವಾ?" ಅಂದರು. ಗಾಳಿ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳಲೇಬೇಕು. ಶಾಲೆಯಲ್ಲಿ ಈ ಪ್ರಶ್ನೆ ಕೇಳುವ ಮಕ್ಕಳು ವರ್ಷಕ್ಕೆ ಒಬ್ಬರು ಸಿಕ್ಕರೆ ಪುಣ್ಯ. ನನ್ನ "ಏನೇನೂ ಸಂಬಂಧ ಇಲ್ಲ" ಅಲ್ಲಾಡಿದ್ದು ಈ ಮಾತಿಗೇ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಪ್ರಕರಣಕ್ಕೆ ಬೇಡದಿದ್ದರೂ ಬಿಡಲು ಮನಸ್ಸಾಗದ ಒಂದು ವಿಷಯ.

ಸ್ಟ್ರಾಟೋಸ್ಫಿಯರಿಗಿಂತ ಮೇಲೆ ಹೋಗಿ, 85–90 ಕಿಲೋಮೀಟರ್ ಎತ್ತರಕ್ಕೆ. ಅಲ್ಲಿ ಧ್ರುವದ ಚಳಿಗಾಲವೇ ಬೇಸಿಗೆಗಿಂತ ಬೆಚ್ಚಗೆ! ಚಳಿಗಾಲದಲ್ಲಿ, ಸೂರ್ಯ ಕಾಣದ ತಿಂಗಳುಗಳಲ್ಲಿ, ಅಲ್ಲಿ ಮೈನಸ್ 70ರ ಆಸುಪಾಸು. ಬೇಸಿಗೆಯಲ್ಲಿ, ಇಪ್ಪತ್ತನಾಲ್ಕು ಗಂಟೆ ಬಿಸಿಲಿರುವಾಗ, ಮೈನಸ್ 130ಕ್ಕಿಂತಲೂ ಕೆಳಗೆ. ಭೂಮಿಯ ವಾತಾವರಣದಲ್ಲೇ ಅತಿ ತಣ್ಣನೆಯ ಜಾಗ ಬೇಸಿಗೆಯ ಧ್ರುವದ ಮೇಲಿದೆ. ಕಾರಣ ಮತ್ತೆ ಅದೇ ಪಂಪು. ಬೇಸಿಗೆಯ ಧ್ರುವದ ಮೇಲೆ ಗಾಳಿ ಏರಿ ಹಿಗ್ಗಿ ತಣ್ಣಗಾಗುತ್ತದೆ. ಅಲ್ಲಿಂದ ಇಡೀ ಭೂಮಿ ದಾಟಿ ಚಳಿಗಾಲದ ಧ್ರುವಕ್ಕೆ ಹರಿದು, ಇಳಿದು, ಅದುಮಿಕೊಂಡು ಬೆಚ್ಚಗಾಗುತ್ತದೆ. ಬೆಟ್ಟಗಳಿಂದಲೂ ಬಿರುಗಾಳಿಗಳಿಂದಲೂ ಏಳುವ ಸಣ್ಣ ಅಲೆಗಳು ಈ ಹರಿವನ್ನು ದೂಡುತ್ತವೆ. ಬೇಸಿಗೆಯ ಆ ಚಳಿಯಲ್ಲೇ ರಾತ್ರಿ ಹೊಳೆಯುವ ನೀಲಿ ಬೆಳ್ಳಿ ಬಣ್ಣದ ಮೋಡಗಳು ಹುಟ್ಟುವುದು. ಅವುಗಳ ಸುದ್ದಿ ಮೊದಲು ಬಂದದ್ದು 1885ರಲ್ಲಿ.

ಆ ಎತ್ತರದ ಚಳಿಗಾಲದ ಉಷ್ಣತೆಯನ್ನು ನೆಲದಿಂದ ಅಳೆಯುವ ಉಪಾಯವೂ ಚೆನ್ನಾಗಿದೆ. ಅಲ್ಲಿನ ಹೈಡ್ರಾಕ್ಸಿಲ್ ಕಣಗಳು ಮಂದವಾಗಿ ಹೊಳೆಯುತ್ತಿರುತ್ತವೆ. ಆ ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡಿದರೆ ಅಲ್ಲಿ ಎಷ್ಟು ಚಳಿ ಅಂತ ಗೊತ್ತಾಗುತ್ತದೆ. ಧ್ರುವದ ಉದ್ದನೆಯ ರಾತ್ರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಇಂಥ ಅಳತೆ 1980ರ ದಶಕದಿಂದ ನಡೆಯುತ್ತಿದೆ. ಅದೇ ದ್ವೀಪಗಳಲ್ಲಿ ನಮ್ಮ ದೇಶದ ಹಿಮಾದ್ರಿ ಕೇಂದ್ರವೂ 2008ರಿಂದ ಇದೆ. ಮೊದಲೆಲ್ಲ ಬೇಸಿಗೆಗೆ ಮಾತ್ರ ಹೋಗುತ್ತಿದ್ದರು. 2023ರ ಡಿಸೆಂಬರ್‌ನಿಂದ ಚಳಿಗಾಲಕ್ಕೂ ತಂಡ ಹೋಗುವಂತಾಯಿತು. ಮಡಿಕೇರಿಯ ಡಿಸೆಂಬರ್ ಚಳಿಗೇ ಎರಡು ಸ್ವೆಟರ್ ಹಾಕುವ ನನಗೆ ಅವರ ಬಗ್ಗೆ ಗೌರವ ಜಾಸ್ತಿ.

ಇನ್ನೊಂದು ಸ್ವಾರಸ್ಯ. ಸ್ಟ್ರಾಟೋಸ್ಫಿಯರ್ ದಿಢೀರನೆ ಬಿಸಿಯಾದಾಗ ಅದರ ಮೇಲಿನ ಈ ಪದರ ತಣ್ಣಗಾಗುತ್ತದೆ. ಕೆಳಗಿನ ಗಾಳಿಯ ದಿಕ್ಕು ಬದಲಾದರೆ ಮೇಲಕ್ಕೆ ದಾಟುವ ಅಲೆಗಳೇ ಬದಲಾಗುತ್ತವೆ. ಕೆಳ ಮಹಡಿಯಲ್ಲಿ ಸೆಕೆ, ಮೇಲ್ಮಹಡಿಯಲ್ಲಿ ನಡುಕ.

ದಕ್ಷಿಣ ಧ್ರುವದ ಸುದ್ದಿ ಚಿಕ್ಕದು. ಅಲ್ಲಿ ಸುತ್ತ ಬರೀ ಸಾಗರ, ಅಲೆ ಎಬ್ಬಿಸುವ ದೊಡ್ಡ ಬೆಟ್ಟಸಾಲು ಕಡಿಮೆ. ಸುಳಿ ಗಟ್ಟಿ, ಚಳಿ ಇನ್ನೂ ಜೋರು. ಮೈನಸ್ 78ಕ್ಕಿಂತ ಕೆಳಗಿಳಿದಾಗ ಅಲ್ಲಿ ಹುಟ್ಟುವ ಮೋಡಗಳ ಮೇಲೆ ಕ್ಲೋರಿನ್ ಚುರುಕಾಗಿ, ವಸಂತದ ಬಿಸಿಲು ಬಿದ್ದ ಕೂಡಲೇ ಓಝೋನನ್ನು ತಿನ್ನುತ್ತದೆ. 1985ರಲ್ಲಿ ಲೋಕಕ್ಕೆ ಗೊತ್ತಾದ ಓಝೋನ್ ರಂಧ್ರ ಇದೇ. ಅಲ್ಲಿ ದೊಡ್ಡ ಬಿಸಿಯೇರಿಕೆ ದಾಖಲಾದದ್ದು ಒಂದೇ ಸಲ, 2002ರ ಸೆಪ್ಟೆಂಬರ್‌ನಲ್ಲಿ. ಆ ವರ್ಷ ರಂಧ್ರವೂ ಎರಡು ಹೋಳಾಗಿತ್ತು.

ಆ ಬಿಸಿ ಸುಂಟಿಕೊಪ್ಪದವರೆಗೆ ಬಂದೀತೇ?

ಸಂದೇಶದಲ್ಲಿದ್ದ "ಆರೆಂಟು ವಾರ" ಎಲ್ಲಿಂದ ಬಂತು ಅಂತ ಹುಡುಕಿದೆ. ಅದೂ ಗಾಳಿಮಾತಲ್ಲ. ಯೂರೋಪಿನವರಿಗೆ ಬರೆದ ವರದಿಯ ಮಾತು ಅದು. ಸ್ಟ್ರಾಟೋಸ್ಫಿಯರಿನ ಕೆಳಭಾಗ ಮತ್ತೆ ತಣ್ಣಗಾಗಲು ವಾರಗಟ್ಟಲೆ ಬೇಕು. ಅಷ್ಟು ದಿನ ಕೆಳಗಿನ ಗಾಳಿಯ ಹಾದಿ ದಕ್ಷಿಣಕ್ಕೆ ಸರಿಯುವ, ಉತ್ತರ ಯೂರೋಪು, ಉತ್ತರ ಏಷ್ಯಾದ ಕಡೆ ಚಳಿ ನುಗ್ಗುವ ಸಾಧ್ಯತೆ ಹೆಚ್ಚು. 2018ರ ಫೆಬ್ರುವರಿ ನಡುವಿನಲ್ಲಿ ಸುಳಿ ಒಡೆದ ಮೇಲೆ ತಿಂಗಳ ಕೊನೆಗೆ ಬ್ರಿಟನ್ನಿನವರೆಗೆ ಸೈಬೀರಿಯಾದ ಚಳಿ ಬಂದು ಹಿಮ ಸುರಿಯಿತು. ಎಲ್ಲ ಸಲವೂ ಹಾಗಾಗುವುದಿಲ್ಲ. ಯಾರೋ ಆ ಮಾತನ್ನು ಅಲ್ಲಿಂದ ಕಿತ್ತು ಕನ್ನಡಕ್ಕೆ ತಂದು ಕೊಡಗಿನ ಮಳೆಗೆ ಅಂಟಿಸಿದ್ದರು. ಒಂದೊಂದು ತುಂಡೂ ನಿಜ, ಹೊಲಿಗೆ ಮಾತ್ರ ಸುಳ್ಳು.

ಇನ್ನು ಅಣ್ಣನ ಪ್ರಶ್ನೆ. ಧ್ರುವದಲ್ಲಿ ಗಾಳಿ ಕುಸಿದರೆ ಎಲ್ಲಿ ಏಳುತ್ತದೆ? ಉಷ್ಣವಲಯದಲ್ಲಿ, ನಮ್ಮ ತಲೆಯ ಮೇಲೆ. ಧ್ರುವದ ಸ್ಟ್ರಾಟೋಸ್ಫಿಯರ್ ಬಿಸಿಯಾದಾಗ ಉಷ್ಣವಲಯದ ಸ್ಟ್ರಾಟೋಸ್ಫಿಯರ್ ಅಷ್ಟೋ ಇಷ್ಟೋ ತಣ್ಣಗಾಗುತ್ತದೆ. 1970ರ ಹೊತ್ತಿಗೇ ಉಪಗ್ರಹದ ಅಳತೆಯಲ್ಲಿ ಇದು ಕಂಡಿತ್ತು. ಏತದ ಎರಡು ತುದಿಯ ಹಾಗೆ. ಈ ತಂಪು ಮಳೆಮೋಡಗಳ ನೆತ್ತಿಯವರೆಗೆ ಇಳಿದರೆ ಮೋಡ ಇನ್ನೂ ಸ್ವಲ್ಪ ಎತ್ತರಕ್ಕೆ ಬೆಳೆಯಲು ಅನುಕೂಲ ಅನ್ನುವ ಸಂಶೋಧಕರೂ ಇದ್ದಾರೆ.

ಇಷ್ಟೇ ಅಲ್ಲ. 2009ರ ಜನವರಿಯಲ್ಲಿ ಸೂರ್ಯ ಬಹಳ ಶಾಂತವಾಗಿದ್ದ. ಆದರೂ ಭೂಮಧ್ಯರೇಖೆಯ ಹತ್ತಿರ, ಪೆರುವಿನ ಹಿಕಮಾರ್ಕಾ ರೇಡಾರಿನಲ್ಲಿ, ನೂರಾರು ಕಿಲೋಮೀಟರ್ ಮೇಲಿನ ಅಯಾನುಗೋಳದ (ವಿದ್ಯುತ್ ಕಣಗಳಿರುವ ಪದರದ) ಚಲನೆ ದಿನವೂ ವಿಚಿತ್ರವಾಗಿ ಬದಲಾಗುತ್ತಿತ್ತು. ಬೆಳಿಗ್ಗೆ ಜೋರಾಗಿ ಏರುವುದು, ಮಧ್ಯಾಹ್ನ ಇಳಿಯುವುದು. ಸೂರ್ಯನ ಮೇಲೆ ಹೊರಿಸುವ ಹಾಗಿರಲಿಲ್ಲ. ಬೆರಳು ಕೊನೆಗೆ ಧ್ರುವದ ಬಿಸಿಯೇರಿಕೆಯ ಕಡೆ ತಿರುಗಿತು. ಅಲ್ಲಿ ಸುಳಿ ಒಡೆದರೆ ಇಲ್ಲಿ ರೇಡಿಯೋ ಅಲೆ ಹಾಯುವ ಪದರ ಅಲ್ಲಾಡುತ್ತದೆ. ಹೀಗಿರುವಾಗ "ಏನೇನೂ ಸಂಬಂಧ ಇಲ್ಲ" ಅಂದದ್ದು ನನ್ನ ತಪ್ಪೇ. ಮರುದಿನ ಬೇಲಿಯ ಹತ್ತಿರ ನಿಂತು ಅಣ್ಣನಿಗೆ ಹಾಗಂತ ಹೇಳಿಯೂ ಹೇಳಿದೆ. ಅವರ ಮುಖ ಅರಳಿತು. "ಪೂರ್ತಿ ಕೇಳಿ, ಆಮೇಲೆ ಖುಷಿಪಡಿ," ಅಂದೆ.

ಯಾಕೆಂದರೆ ನೂಲು ಇದೆ ಅಂದ ಮಾತ್ರಕ್ಕೆ ಅದರಲ್ಲಿ ಮೂಟೆ ನೇತುಹಾಕಲು ಆಗುವುದಿಲ್ಲ. ನಮ್ಮ ಮಳೆಮೋಡಗಳ ಆಟವೆಲ್ಲ ನೆಲದಿಂದ 16–17 ಕಿಲೋಮೀಟರ್ ಒಳಗೆ. ಮೋಡಕ್ಕೆ ನೀರು ಬೇಕು. ಆ ನೀರು ಸ್ಟ್ರಾಟೋಸ್ಫಿಯರಿನಿಂದ ಬರುವುದಿಲ್ಲ, ಅದು ಮರಳುಗಾಡಿಗಿಂತ ಒಣ. ಆ ವರ್ಷ ಈಶಾನ್ಯ ಮಳೆಗಾಲ ಹೊತ್ತಿಗೆ ಸರಿಯಾಗಿ ಮುಗಿಯಲೇ ಇಲ್ಲ. ಸಮುದ್ರದಿಂದ ತೇವ ಹೊತ್ತ ಪೂರ್ವದ ಗಾಳಿ ಜನವರಿಯಲ್ಲೂ ಬೀಸುತ್ತಲೇ ಇತ್ತು. ತಮಿಳುನಾಡಿನಲ್ಲಿ ಜನವರಿಯಲ್ಲಿ ಸುರಿದ ಮಳೆ ನೂರು ವರ್ಷದಲ್ಲೇ ಕಾಣದಷ್ಟು. ಹವಾಮಾನ ಇಲಾಖೆ ಈಶಾನ್ಯ ಮಳೆ ಮುಗಿಯಿತು ಅಂದದ್ದು ಜನವರಿ 19ಕ್ಕೆ. ಧ್ರುವದ ಸುಳಿ ಒಡೆಯುವ ಮೊದಲೇ ಈ ಗಾಳಿ ಇಲ್ಲಿತ್ತು. ಕಳ್ಳ ಮನೆಯೊಳಗೇ ಇರುವಾಗ ಗುಡ್ಡದಾಚೆ ಟಾರ್ಚ್ ಬಿಟ್ಟು ಹುಡುಕುವುದು ಯಾಕೆ?

ಆದರೂ ಅಣ್ಣನಿಗೆ ಒಪ್ಪಿಗೆಯಾಗಲಿಲ್ಲ. ಆಗ ಮಾವ ಒಳಗಿನಿಂದ ಮಳೆ ಪುಸ್ತಕ ತಂದರು.

ಕೊಡಗಿನ ತೋಟದ ಮನೆಗಳಲ್ಲಿ ದೇವರ ಪಟ ಇಲ್ಲದಿದ್ದರೂ ಇದ್ದೀತು, ಮಳೆ ಪುಸ್ತಕ ಇಲ್ಲದಿರುವುದಿಲ್ಲ. ಅಂಗಳದ ಮೂಲೆಯಲ್ಲಿ ಮಳೆ ಮಾಪಕ. ಬೆಳಿಗ್ಗೆ ಎಂಟಕ್ಕೆ ಮಾವ ಅದರ ನೀರನ್ನು ಗೀಟು ಹಾಕಿದ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ. ನೂರು ಸೆಂಟ್ ಸೇರಿದರೆ ಒಂದು ಇಂಚು. ಮಿಲಿಮೀಟರ್ ಅಂದರೆ ನಮ್ಮಲ್ಲಿ ಯಾರಿಗೂ ಮಳೆ ಬಿದ್ದ ಹಾಗೇ ಅನ್ನಿಸುವುದಿಲ್ಲ.

"ನೋಡಮ್ಮ, ಆ ಸುಳಿ ಒಡೆದ ಬೇರೆ ತಾರೀಕು ಹೇಳು," ಅಂದರು ಮಾವ. ನಾನು ಹೇಳುತ್ತಾ ಹೋದೆ, ಅವರು ಹಾಳೆ ತಿರುಗಿಸುತ್ತಾ ಹೋದರು. 2009ರ ಜನವರಿ ಕೊನೆ, ಅಷ್ಟು ಜೋರಾಗಿ ಸುಳಿ ಹೋಳಾದಾಗ ನಮ್ಮ ಪುಟದಲ್ಲಿ ಬರೀ ಗೀಟು. ಗೀಟು ಅಂದರೆ ಮಳೆ ಇಲ್ಲ. 2013ರ ಜನವರಿ ಮೊದಲ ವಾರ ಮತ್ತೆ ಸುಳಿ ಒಡೆದಿತ್ತು. ಅಲ್ಲೂ ಗೀಟು. 2019ರ ಹೊಸ ವರ್ಷದ ಸುಮಾರಿಗೆ ಇನ್ನೊಂದು ಸಲ. ಗೀಟು. ಮಾವನ ಬೆರಳು ಆ ಗೀಟುಗಳ ಮೇಲೆ ಒಂದೊಂದಾಗಿ ಇಳಿಯುವುದನ್ನು ಅಣ್ಣ ನೋಡುತ್ತಾ ಕೂತರು. ನಾನು ಅರ್ಧ ಗಂಟೆ ಹೇಳಿದ್ದಕ್ಕಿಂತ ಆ ನೀಲಿ ಶಾಯಿಯ ಗೀಟುಗಳು ಹೆಚ್ಚು ಕೆಲಸ ಮಾಡಿದವು.

ಒಂದು ತೋಟದ ಪುಸ್ತಕ, ಮೂರು ತಾರೀಕು. ಇದನ್ನು ಸಂಶೋಧನೆ ಅನ್ನುವ ಹಾಗಿಲ್ಲ. ಆದರೆ "ಅದು ಆದರೆ ಇದು ಆಗಿಯೇ ಆಗುತ್ತದೆ" ಅನ್ನುವ ಮಾತಿಗೆ ಒಂದು ಖಾಲಿ ಪುಟವೇ ಸಾಕು. ಉಲ್ಟಾ ಸಾಕ್ಷಿಯೂ ಅದೇ ವರ್ಷದ ಕೊನೆಗೆ ಸಿಕ್ಕಿತು. 2021ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಮಳೆ ನಿಲ್ಲಲೇ ಇಲ್ಲ, ಅರೇಬಿಕಾ ಬೆಳೆದವರು ತಲೆ ಮೇಲೆ ಕೈ ಹೊತ್ತು ಕೂತರು. ಆಗ ಉತ್ತರ ಧ್ರುವದ ಸುಳಿ ಒಡೆದಿರಲಿಲ್ಲ, ಇನ್ನೂ ಕಟ್ಟಿಕೊಳ್ಳುತ್ತಿತ್ತು.

ಕಾಫಿ ಏನಾಯಿತು?

ನಾವು ಕಾಫಿ ಮಾರಲಿಲ್ಲ. ಜಗುಲಿ, ಗೋದಾಮು, ಕೊನೆಗೆ ಕಾರು ಶೆಡ್ಡಿನ ನೆಲದಲ್ಲೂ ತೆಳ್ಳಗೆ ಹರಡಿದೆವು. ರಾಶಿ ಹಾಕಿ ಟಾರ್ಪಾಲ್ ಮುಚ್ಚಿಟ್ಟರೆ ಒಳಗೆ ಬೆವರಿ ಕಾವು ಏಳುತ್ತದೆ. ಬೂಸ್ಟಿಗೆ ಅಷ್ಟು ಸಾಕು. ಮಳೆ ಬಿಟ್ಟಾಗಲೆಲ್ಲ ತೆರೆಯುವುದು, ಹಲಗೆಯಿಂದ ಎಳೆಯುವುದು, ಮೋಡ ಕಂಡರೆ ಮತ್ತೆ ಒಳಕ್ಕೆ. ರಾತ್ರಿ ಎದ್ದು ಕಾಲಿನಿಂದಲೇ ಕೆದಕಿ ಬರುತ್ತಿದ್ದೆ. ಕಾಲಿಗೆ ಕಾವು ತಾಗಿದ ಜಾಗವನ್ನು ಬೇರೆ ಮಾಡಿ ಹರಡುವುದು. ಆದರೂ ಒಂದಷ್ಟು ಕಪ್ಪಾಯಿತು. ಅದನ್ನು ಆರಿಸಿ ಬೇರೆ ಮೂಟೆ ಕಟ್ಟಿದೆವು.

ಅಣ್ಣ ಅರ್ಧ ಮಾರಿದರು, ಅರ್ಧ ಉಳಿಸಿಕೊಂಡರು. ನನ್ನ ಮಾತನ್ನೂ ಸಂದೇಶವನ್ನೂ ಸಮನಾಗಿ ನಂಬಿದ ಲೆಕ್ಕ. ವಾರ ಕಳೆದು ಬಿಸಿಲು ಬಂತು, ಉಳಿಸಿಕೊಂಡದ್ದು ಗಲಗಲ ಅಂದಿತು. ಮಾರಿದ ಅರ್ಧದ ಬಗ್ಗೆ ನಾವು ಇವತ್ತಿಗೂ ಮಾತಾಡುವುದಿಲ್ಲ.

ಫೆಬ್ರುವರಿಯಲ್ಲಿ ಮತ್ತೆ ಮಳೆ ಬಂತು. ಧ್ರುವದ ಘಟನೆಯಿಂದ ಲೆಕ್ಕ ಹಾಕಿದರೆ ಆರು ವಾರದ ಮೇಲೆ! ಅಣ್ಣ ಫೋನ್ ಮಾಡಿ ಏನೂ ಹೇಳದೆ ಬರೀ ನಕ್ಕರು. ನಾನೂ ನಕ್ಕೆ. ಇಷ್ಟಕ್ಕೂ ಅಷ್ಟರಲ್ಲಿ ಅವರ ಕಣ ಖಾಲಿಯಾಗಿತ್ತು. ಕುಯ್ಲು ಮುಗಿಸಿದ ತೋಟಕ್ಕೆ ಅದು ಹೂ ಮಳೆಯಾಯಿತು. ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬಿಳಿ, ಬೆಳಿಗ್ಗೆ ಕಿಟಕಿ ತೆರೆದರೆ ಮನೆಯೊಳಗೆಲ್ಲ ಘಮ. ಧ್ರುವದ ಮೇಲೆ ದೂರು ಹೇಳಿದವರು ಈ ಮಳೆಗೆ ಧ್ರುವಕ್ಕೆ ಥ್ಯಾಂಕ್ಸ್ ಹೇಳಲಿಲ್ಲ ಅನ್ನುವುದನ್ನು ಮಾತ್ರ ಗಮನಿಸಿದೆ.

2024ರ ಜನವರಿ ನಡುವಿನಲ್ಲಿ ಉತ್ತರ ಧ್ರುವದ ಗಾಳಿ ಮತ್ತೆ ತಿರುಗಿತು. ಅವತ್ತೋ ಮರುದಿನವೋ ಅಣ್ಣನಿಂದ ಒಂದು ಲಿಂಕು ಬಂತು. ಕೆಳಗೆ ಒಂದೇ ಸಾಲು: "ಟೀಚರೇ, ಚಮಚ ಅಡ್ಡ ಇಟ್ಟರಂತೆ." ಸಂಜೆ ಬೇಲಿಯಾಚೆ ಇಣುಕಿದೆ. ಅವರ ಕಣದಲ್ಲಿ ಕಾಫಿ ಹರಡಿಯೇ ಇತ್ತು. ಅಣ್ಣ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಬಂಗಾಳ ಕೊಲ್ಲಿಯ ಮೋಡದ ಚಿತ್ರ ನೋಡುತ್ತಿದ್ದರು.